ಒಂದೇ ಪುಟದ ಮೂರನೆಯ ಆಯ್ಕೆ

ಟಕೋಮಾ ಪಾರ್ಕ್, ಮೇರಿಲ್ಯಾಂಡ್
ಮಾರ್ಚ್ 9, ಸೋಮವಾರ ಬೆಳಗ್ಗೆ

ಮುದ್ದಿನ ಕೊರಿನ್,

ಕೆಮ್ಮು ಹೇಗಿದೆ ಕಂದ? ನಿನ್ನೆ ಫೋನಿನಲ್ಲಿ ನಕ್ಕಾಗಲೆಲ್ಲ ಕೆಮ್ಮುತ್ತಿದ್ದೆ. ವಿಯೆನ್ನಾದ ಚಳಿಯಲ್ಲಿ ಮಾತುಕತೆಯ ಕೋಣೆಯಿಂದ ಹೊರಬೀಳುವಾಗ ಕುತ್ತಿಗೆಗೆ ಏನಾದರೂ ಸುತ್ತಿಕೊ. ಕಾಫಿ, ಕೇಕಿನಲ್ಲೇ ದಿನ ದೂಡಬೇಡ, ಬಿಸಿಯಾಗಿ ಸೂಪು ಕುಡಿ. ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಅದನ್ನು ಬಯ್ಯುತ್ತೇನೆ, ಇಳಿಯುವಾಗ ರಾಜಿಯಾಗುತ್ತೇನೆ.

ನಿನ್ನೆ ಫೋನಿಟ್ಟ ಮೇಲೆ ಟಿವಿ ಹಾಕಿದೆ, ತಪ್ಪಾಯಿತು. ಟೈ ಕಟ್ಟಿದ ಒಬ್ಬ ಪಂಡಿತ, "ಎಲ್ಲ ಆಯ್ಕೆಗಳೂ ಮೇಜಿನ ಮೇಲಿವೆ" ಎನ್ನುತ್ತಿದ್ದ, ಅಂದರೆ ಬಾಂಬ್ ಹಾಕುವುದೂ ಸೇರಿ. ನಲವತ್ತು ವರ್ಷಗಳಿಂದ, ಯಾವ ಪಕ್ಷ ಬಂದರೂ ಇದೇ ಮಾತು ಕೇಳುತ್ತಿದ್ದೇನೆ. ಆ ಮೇಜು ಯಾರದು, ಅದರ ಸುತ್ತ ಯಾರು ಕೂತಿದ್ದಾರೆ ಎಂದು ಒಬ್ಬ ವರದಿಗಾರನೂ ಕೇಳುವುದಿಲ್ಲ. ಅಣುಬಾಂಬಿನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಬಾಂಬಿಟ್ಟು ಮಕ್ಕಳನ್ನು ಕೊಲ್ಲುವವರು ಇದ್ದಾರೆ, ಅಂಥವರ ಕೈಗೆ ಯುರೇನಿಯಂ ಸಿಕ್ಕರೆ ಗತಿಯೇನು ಎಂದು ನಾನೂ ನಿದ್ದೆಗೆಟ್ಟಿದ್ದೇನೆ. ಆದರೆ ಆ ಯುರೇನಿಯಂ ಎಲ್ಲಿದೆ ಎಂದು ಹೋಗಿ ನೋಡಿ, ತೂಗಿ, ಬೀಗ ಹಾಕಿ ಬರುವವರ ಹೆಸರು ಟಿವಿಯಲ್ಲಿ ಬರುವುದಿಲ್ಲ. ನಿನ್ನ ಅಜ್ಜಿ ಹ್ಯಾರಿಯೆಟ್ ಇದ್ದಿದ್ದರೆ ಚಪ್ಪಲಿ ಎಸೆಯುತ್ತಿದ್ದಳು. ನಮ್ಮ ಊರಿಗೆ ಅಣ್ವಸ್ತ್ರ ಬೇಡವೆಂದು ಊರ ಬಾಗಿಲಲ್ಲಿ ಬೋರ್ಡು ಹಾಕಿಸಲು ಮನೆ ಮನೆ ಅಲೆದವರಲ್ಲಿ ಅವಳೂ ಒಬ್ಬಳು. ವಿದೇಶಾಂಗ ಇಲಾಖೆಗೆ ಹೊರಟ ನನ್ನನ್ನು, "ಹೋಗು ಮಾರಾಯ, ನೀನು ಆಫೀಸಲ್ಲಿ ಬಾಂಬ್ ಬರಿ, ನಾನಿಲ್ಲಿ ಬೋರ್ಡ್ ಬರೀತೀನಿ" ಎಂದು ಛೇಡಿಸುತ್ತಿದ್ದಳು.

ಸರಿ, ವಿಷಯಕ್ಕೆ ಬರುತ್ತೇನೆ. ಇಲಾಖೆಗೆ ನೀನು ಬರೆದ ಟಿಪ್ಪಣಿ ಇಪ್ಪತ್ತನೇ ತಾರೀಕು ಮೇಲಿನವರಿಗೆ ಹೋಗುತ್ತದೆ ಎಂದು ನಿನ್ನೆ ನೀನು ಹೇಳಿದೆ. ಯಾವ ದೇಶದ ಬಗ್ಗೆ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಅದರಲ್ಲಿ ಮೂರು ಆಯ್ಕೆ ಬರೆದಿದ್ದೇನೆ ಎಂದೆ ನೀನು. "ಮೂರನೇದು ಬರೀ ಬೆದರುಬೊಂಬೆ ಅಜ್ಜ, ಅದನ್ನ ಯಾರೂ ಆರಿಸಲ್ಲ" ಎಂದು ನಕ್ಕೆ. ನಾನೂ ನಕ್ಕೆ. ಇವತ್ತು ಬೆಳಗ್ಗೆ ಎದ್ದವನೇ ಈ ಕಾಗದ ಬರೆಯಲು ಕೂತೆ.

ಆ ಪದ್ಧತಿ ನಮ್ಮ ಕಾಲದ್ದೇ. ನನ್ನ ಮೇಲಧಿಕಾರಿ ಪೆಂಡಲ್ಟನ್ ಮೊದಲ ವಾರವೇ ಕಲಿಸಿದ್ದ: "ಎಡಕ್ಕೊಬ್ಬ ಹೇಡಿ, ಬಲಕ್ಕೊಬ್ಬ ಹುಚ್ಚ, ನಡುವೆ ನಮ್ಮ ಮಾತು. ಸಾಹೇಬ್ರು ನಡುವಿನದಕ್ಕೇ ಟಿಕ್ ಹಾಕ್ತಾರೆ, ನೋಡ್ತಿರು." ಸಾಹೇಬರೆಂದರೆ ಅಧ್ಯಕ್ಷರು. ವರ್ಷಗಟ್ಟಲೆ ಹಾಗೇ ನಡೆಯಿತು. ಒಂದು ವಸಂತದಲ್ಲಿ ಒಂದು ದೇಶದ ವಿಷಯ ಬಂತು. ಹೆಸರು ಇವತ್ತಿಗೂ ಬರೆಯುವಂತಿಲ್ಲ. ಗಡಿಯ ಒಂದು ಊರಿನಲ್ಲಿ ಭಯೋತ್ಪಾದಕರು ಕದ್ದ ಯುರೇನಿಯಂ ಬಚ್ಚಿಟ್ಟಿದ್ದಾರೆಂದು ಸುದ್ದಿ. ಮೊದಲ ಆಯ್ಕೆ, ಕಾದು ನೋಡುವುದು. ಎರಡನೆಯದು ನಮ್ಮದು: ಪಕ್ಕದ ದೇಶದ ಪೊಲೀಸರಿಗೆ ನಮಗೆ ಗೊತ್ತಿದ್ದುದನ್ನು ತಿಳಿಸುವುದು, ವಿಯೆನ್ನಾದ ಅಣುಶಕ್ತಿ ಸಂಸ್ಥೆಯ ಪರಿವೀಕ್ಷಕರನ್ನು ಒಳಗೆ ಬಿಡಿಸುವುದು, ಅಲ್ಲಿಯ ಸರ್ಕಾರದ ಜೊತೆ ಮಾತು ಮುಂದುವರಿಸುವುದು. ಇಬ್ಬರು ಪರಿವೀಕ್ಷಕರಿಗೆ ಇನ್ನೇನು ಅನುಮತಿ ಸಿಗುವುದರಲ್ಲಿತ್ತು. ಮೂರನೆಯದು ವಿಮಾನ ದಾಳಿ.

ಮೂರನ್ನೂ ಬರೆದವನು ನಾನು, ಕೊರಿನ್. ಎರಡನೆಯದು ನಾಲ್ಕು ಪುಟವಾಯಿತು. ಅದು ನಿಜವಾಗಿದ್ದರಿಂದ ಅದರ ತುಂಬ "ಹೀಗಾದರೆ", "ಒಂದು ವೇಳೆ", "ಇನ್ನೂ ಖಚಿತವಿಲ್ಲ". ಮೂರನೆಯದು ಹೇಗಿದ್ದರೂ ಲೆಕ್ಕಕ್ಕಿಲ್ಲವಲ್ಲ ಎಂದು ಆಟದಂತೆ ಬರೆದೆ. ಒಂದೇ ಪುಟ. ಅದರಲ್ಲಿ ಒಂದೂ "ಒಂದು ವೇಳೆ" ಇರಲಿಲ್ಲ. ನನ್ನ ನೌಕರಿಯಲ್ಲಿ ಅಷ್ಟು ಚೆಂದದ ಗದ್ಯ ಮತ್ತೆ ಬರೆಯಲಿಲ್ಲ. ಆ ವಾರ ಪತ್ರಿಕೆಗಳೆಲ್ಲ ಸಾಹೇಬರನ್ನು ಅಂಜುಬುರುಕ ಎಂದು ಜರೆದಿದ್ದವು. ಅವರಿಗೆ ಒಂದು ಪುಟ ಓದುವಷ್ಟೇ ಪುರುಸೊತ್ತಿತ್ತು. ಅದಕ್ಕೇ ಟಿಕ್ ಹಾಕಿದರು.

ಬಾಂಬ್ ಬಿದ್ದಲ್ಲಿ ಇದ್ದದ್ದು ಹಿಟ್ಟಿನ ಗಿರಣಿ. ಬೆಳಗಿನ ಸರದಿಯಲ್ಲಿ ಚೀಲ ಹಿಡಿದು ನಿಂತಿದ್ದ ಹತ್ತೊಂಬತ್ತು ಜನ ಸತ್ತರು. ಯುರೇನಿಯಂ ಇರಲಿಲ್ಲ. ಆ ದೇಶ ಪರಿವೀಕ್ಷಕರಿಗೆ ಬಾಗಿಲು ಮುಚ್ಚಿತು, ಹನ್ನೊಂದು ವರ್ಷ ತೆರೆಯಲಿಲ್ಲ. ಆ ಅವಧಿಯಲ್ಲಿ ಒಳಗೆ ಏನೇನು ತಯಾರಾಯಿತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಪೆಂಡಲ್ಟನ್ ನನ್ನ ಬೆನ್ನು ತಟ್ಟಿ, "ಸಾಹೇಬ್ರಿಗೆ ನಿನ್ನ ಭಾಷೆ ತುಂಬ ಹಿಡಿಸ್ತಂತೆ ಕಣಯ್ಯ" ಎಂದ. ಮರುದಿನ ತಿಂಡಿಯ ಹೊತ್ತಿಗೆ ಹ್ಯಾರಿಯೆಟ್ ಪತ್ರಿಕೆ ಕೆಳಗಿಟ್ಟು, "ಈ ದಾಳಿ ಮಾಡಿ ಅಂತ ಯಾವನೋ ಕೂತು ಬರೆದಿರ್ತಾನಲ್ಲ? ಅವನಿಗೆ ಅನ್ನ ಹೇಗೆ ಇಳಿಯುತ್ತೆ?" ಎಂದಳು. ನಾನು ಇನ್ನೊಂದು ಟೋಸ್ಟಿಗೆ ಬೆಣ್ಣೆ ಸವರಿಕೊಂಡೆ. ಅವಳು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಇದನ್ನು ಮೊದಲು ಕೇಳುತ್ತಿರುವವಳು ನೀನೇ.

ನೀನು ನನಗಿಂತ ಜಾಣೆ. ಅಲ್ಲಿಯ ಪರಿಸ್ಥಿತಿ ನಿನಗೆ ಗೊತ್ತು, ನನಗಲ್ಲ. ಏನು ಮಾಡಬೇಕೆಂದು ನೀನೇ ತೀರ್ಮಾನಿಸು. ಏನು ಮಾಡಿದರೂ ನೀನು ನನ್ನ ಮುದ್ದಿನ ಮೊಮ್ಮಗಳೇ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ; ಕೆಮ್ಮಿಗೆ ಔಷಧಿ ತಗೊ.

ನಿನ್ನ ಅಜ್ಜ,
ಲೀಲಂಡ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದು ತೆರೆದೆ, ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ. "ನೀನೇ ತೀರ್ಮಾನಿಸು" ಎಂದದ್ದು ಬರೀ ಮರ್ಯಾದೆಯ ಮಾತು, ಹೊಡೆದುಹಾಕು. ಆ ಮೂರನೆಯದನ್ನು ತೆಗೆದುಬಿಡು. ತೆಗೆಯಲು ಬಿಡದಿದ್ದರೆ, ಆ ಊರಿನಲ್ಲಿ ಬೆಳಗ್ಗೆ ಯಾರು ಯಾರು ಎಲ್ಲಿ ಸರದಿಯಲ್ಲಿ ನಿಲ್ಲುತ್ತಾರೆ ಎಂದು ವಿಚಾರಿಸಿ ಅದನ್ನೂ ಅದರಲ್ಲಿ ಬರೆ, ಅದು ಎಷ್ಟು ಪುಟವಾದರೂ ಆಗಲಿ. ಅದಕ್ಕಾಗಿ ಕೆಲಸ ಹೋದರೆ ಸೀದಾ ಇಲ್ಲಿಗೆ ಬಾ. ಮಹಡಿಯ ನಿನ್ನ ಕೋಣೆಯಲ್ಲಿ ಟೊಮೆಟೊ ಸಸಿ ಇಟ್ಟಿದ್ದೇನೆ, ಇವತ್ತೇ ಕೆಳಗಿಳಿಸುತ್ತೇನೆ.