ಮೇಲಿನ ಖೋಲಿಯಿಂದ ಇಳಿದ ಸೋದರತ್ತೆ

ವೈನಿ,

ಒಂದಾನೊಂದು ಊರಿನಲ್ಲಿ, ಅಂದರೆ ನಮ್ಮ ಹಾವೇರಿಯಲ್ಲೇ, ಒಬ್ಬ ಸೋದರತ್ತೆ ತನ್ನ ಗಂಟಲಿನ ಥೈರಾಯ್ಡ್ ರಾಕ್ಷಸನನ್ನು ಸುಡಲು ಕಿರಣ ಸೂಸುವ ಅಯೋಡಿನ್ ಗುಳಿಗೆ ನುಂಗಿದಳಂತೆ. ಮೈಯಿಂದ ಕಿರಣ ಇಳಿಯುವವರೆಗೆ ಕೂಸಿನ ಹತ್ತಿರ ಸುಳಿಯಬಾರದೆಂದು ಡಾಕ್ಟರು ಅವಳನ್ನು ಮೇಲಿನ ಖೋಲಿಗೆ ಅಟ್ಟಿದರಂತೆ.

ಆ ಗಡುವು ನಿನ್ನೆಗೆ ಮುಗಿಯಿತು ವೈನಿ!

ನನ್ನ ಬೇರೆ ತಾಟು, ಲೋಟ ಇನ್ನು ಎಲ್ಲರವುಗಳ ಜೊತೆ ಇಡಿ. ಮೆಟ್ಟಿಲ ಮೇಲೆ ಊಟ ಇಟ್ಟು ಓಡುವುದೂ ಸಾಕು. ನಾಳೆಯೇ ಕೂಸನ್ನು ತೊಟ್ಟಿಲಿಗೆ ಹಾಕೋಣ. ಹೆಸರು ಕೂಗಿದ ಅತ್ತೆಗೆ ಬೀಳುವ ಗುದ್ದಿಗೆ ನನ್ನ ಬೆನ್ನು ಸಿದ್ಧ. ದೊಡ್ಡವ್ವನನ್ನು ಮಾತ್ರ ಕೊನೆಗೆ ನಿಲ್ಲಿಸಿ, ಆಕೆಯ ಕೈ ಒರಳುಗಲ್ಲು.

"ಎಷ್ಟ ದಿನ ಕಾಯೂದು? ಚಿಗವ್ವನೇ ಹೆಸರ ಇಡ್ಲಿ" ಎಂದು ಆಕೆ ಹಟ ಹಿಡಿದಾಗ ನೀವು, "ಅತ್ತಿ ಇಳದ ಬರೂತನಕ ನನ್ನ ಮಗಳು ಬರೇ ಕೂಸಾಗೇ ಇರ್ಲಿರಿ" ಅಂದದ್ದು ಮೇಲಕ್ಕೂ ಕೇಳಿತ್ತು. ನಾನೇ ಹೆಸರಿಡುತ್ತೇನೆಂದು ನೀವು ಬಸುರಿದ್ದಾಗಲೇ ಮಾತು ಕೊಟ್ಟಿದ್ದೆನಲ್ಲ, ಖೋಲಿಯಲ್ಲಿ ಕೂತು ಅತ್ತುಬಿಟ್ಟೆ.

ಬೈಯಬೇಡಿ. ನಾಳೆಯವರೆಗೆ ತಡೆಯಲಾಗಲಿಲ್ಲ. ಈಗ ನೀವು ಬಚ್ಚಲಲ್ಲಿರುವಾಗ ಕೂಸನ್ನು ಎತ್ತಿಕೊಂಡು, ಕಿವಿಗೆ ಬಾಯಿ ಹಚ್ಚಿ, "ಕುರ್ರ್... ನೀಲಗಂಗಾ" ಅಂದುಬಿಟ್ಟೆ.

ಆಕಳಿಸಿ ನನ್ನ ಬೆರಳು ಹಿಡಿದಳು. ತೊಟ್ಟಿಲ ಸಾಮಾನು ತರಲು ನಾನು ಹಿಡಿಯಬೇಕಿದ್ದ ರಾಣೆಬೆನ್ನೂರಿನ ಬಸ್ಸು ಹೋದರೆ ಹೋಗಲಿ.

ಪುಷ್ಪಲತಾ