ದೇಸೂರ ರಸ್ತೆಯಲ್ಲಿ ಕೇಳಿದ ಸದ್ದು

ಅಕ್ಟೋಬರ್ 14, ಮಂಗಳವಾರ

ಗ್ಯಾರೇಜಿನಲ್ಲಿ ಇಡೀ ಬೆಳಗು ಗಿರಾಕಿ ಅನಿಕೇತನ ಕಾರಿಗೇ ಹೋಯಿತು. ಟರ್ಬೊ ಬೂಸ್ಟ್, ಅಂದರೆ ಎಂಜಿನ್ನಿಗೆ ಒತ್ತುವ ಗಾಳಿ, ಏರಿಸಿದ ಮೇಲೆ ಕಂಪನಿಯ ಪ್ಲಾಸ್ಟಿಕ್ ವಾಲ್ವ್ ತಡೆಯುವುದಿಲ್ಲ, ಗಾಳಿ ಸೋರುತ್ತದೆ. ಬಿಚ್ಚಿ ಲೋಹದ ಬ್ಲೋ-ಆಫ್ ವಾಲ್ವ್ ಕೂರಿಸಿದೆ. ಆಕ್ಸಲರೇಟರ್ ಬಿಟ್ಟ ಕೂಡಲೇ ಒಳಗೆ ಒತ್ತಿದ ಗಾಳಿ ಹೊರಕ್ಕೆ — ಪ್ಶ್ಶ್! ಹುಡುಗರಿಗೆ ಬೇಕಾದದ್ದು ಆ ಸದ್ದು, ಉಳಿದದ್ದೆಲ್ಲ ನೆಪ. ಸ್ಪ್ರಿಂಗ್ ಗಟ್ಟಿ ಇದ್ದದ್ದಕ್ಕೆ ಕೊನೆಗೆ ತುತುತು ಎಂದು ನಡುಗಿತು. ನನಗೆ ಹಿಡಿಸಿತು. ಅವನಿಗಿಲ್ಲ. ಗಿರಾಕಿಗಳೆಲ್ಲರ ಮುಂದೆ ಅಂದ: "ಕುರಿ ಕಾಯೋರ ಕೈಯಾಗ ಕಾರ ಕೊಟ್ರ ಹಿಂಗಽ ಆಗ್ತೈತಿ."

ಸ್ಪ್ಯಾನರ್ ಎತ್ತಿದ್ದೆ. ಖರೇ ಎತ್ತಿದ್ದೆ. ಅವನು ನಕ್ಕುಬಿಟ್ಟ. "ಚಾಷ್ಟಿ ಮಾಡಿದ್ನೆಪಾ ಗಜಣ್ಣಾ!" ಚಾಷ್ಟಿಯಂತೆ. ಅಪ್ಪ, ಕಾಕಾ ಕುರಿ ಕಾದೇ ನನ್ನನ್ನು ಐಟಿಐ ಓದಿಸಿದ್ದು.

ನವೆಂಬರ್ 6, ಗುರುವಾರ

ಕಾಕಿ ಹೋದಳು. ಭರಮವ್ವ ಕಾಕಿ.

ನಿನ್ನೆ ನಸುಕಿಗೆ ದೇಸೂರ ಹತ್ತಿರ ಕಾಕಾ, ಕಾಕಿ ಕುರಿಗಳನ್ನು ಖಾನಾಪುರ ರಸ್ತೆ ದಾಟಿಸುತ್ತಿದ್ದರು. ದಟ್ಟ ಮಂಜು. ಒಂದು ಕಾರು ಹಿಂಡಿನೊಳಗೆ ನುಗ್ಗಿ ಕಾಕಿಯನ್ನು ಎಳೆದುಕೊಂಡೇ ಹೋಗಿದೆ. ನಿಲ್ಲಲಿಲ್ಲ. ರಸ್ತೆ ತುಂಬ ಕರುಳು. ಒಂದು ಕುರಿ ಇನ್ನೂ ಒದರುತ್ತಿತ್ತಂತೆ, ಕಾಕಿಯ ಮಗ ಶಿವಲಿಂಗನೇ ಅದರ ಕುತ್ತಿಗೆ ಕೊಯ್ದ.

ಭರಮಣ್ಣ ಕಾಕಾನಿಗೆ ಕಾರು ಕಾಣಲಿಲ್ಲ. ಕೇಳಿದ್ದಷ್ಟೇ. ದವಾಖಾನೆಯ ಮೆಟ್ಟಿಲ ಮೇಲೆ ಕೂತು ಬಾಯಿಂದ ಮಾಡಿ ತೋರಿಸಿದ — ಪ್ಶ್ಶ್. ನಾನು ಪಕ್ಕದಲ್ಲಿ ಕೂತು ಕೇಳಿದೆ.

"ಕಡೀಕ ತುತುತು ಅಂತೇನ ಕಾಕಾ?"

"ಹೂಂ... ಹಂಗಽ ಇರಬೇಕು."

ಇಡೀ ಹಿಂಡಿನಲ್ಲಿ ಒಂದು ಮರಿಯ ದನಿ ಗುರುತಿಸುವ ಕಿವಿ ಅದು. ಅನಿಕೇತನ ಹೆಸರು ಹೇಳಿದೆ. ಶಿವಲಿಂಗ ಅಳಲಿಲ್ಲ, ಬೈಯಲಿಲ್ಲ. "ಅಂವನ್ನ ಎಲ್ಲಿಗಿ ಕರಸ್ತಿ?" ಎಂದಷ್ಟೇ ಕೇಳಿದ.

ನವೆಂಬರ್ 9, ರವಿವಾರ

ರಜೆ, ನಮ್ಮ ಗ್ಯಾರೇಜಿರುವ ಉದ್ಯಮಬಾಗಿನ ಶೆಡ್‌ಗಳೆಲ್ಲ ಬಂದ್. ಅನಿಕೇತನಿಗೆ ಗಾಡಿ ಸರ್ವೀಸ್ ಮಾಡಿ ಕೊಡುತ್ತೇನೆ ಬಾ ಎಂದೆ. ನಗುತ್ತಲೇ ಬಂದ. ಬಂಪರ್ ನೋಡಿದೆ. ಒಂದು ಗೀರೂ ಇಲ್ಲ. ಹೊಸದು ಹಾಕಿಸಿದ್ದಾನೆ ಅಂದುಕೊಂಡೆ.

ಮೊದಲ ಏಟು ನನ್ನದೇ. ಜ್ಯಾಕ್ ರಾಡಿನಿಂದ ಮೊಣಕಾಲಿಗೆ. ಕಟ್ ಎಂದಿತು. ಬಿದ್ದವನ ಬಾಯಿಗೆ ಶಿವಲಿಂಗ ಒದ್ದ, ಹಲ್ಲು ಆಯಿಲ್ ಟ್ರೇಯಲ್ಲಿ ಬಿದ್ದವು. "ನಿನ್ನ ಗಾಡಿ ಪ್ಶ್ಶ್ ಅಂದದ್ದ ನಮ್ಮಪ್ಪ ಕೇಳ್ಯಾನ! ನಮ್ಮವ್ವನ್ನ ಎಷ್ಟ ದೂರ ಎಳದಿ, ಹೇಳಲೇ ಮಗನ!" ಅವನದು ರಕ್ತ ಉಗುಳುತ್ತ ಒಂದೇ ಮಾತು — "ಬಾನೆಟ್ ತಗೀ ಅಣ್ಣಾ... ಬಾನೆಟ್..." ಬಡಬಡಿಸುತ್ತಿದ್ದಾನೆ ಅಂದುಕೊಂಡು ತಲೆಗೂ ಹಾಕಿದೆ. ಸುಳ್ಳು ಯಾಕೆ ಬರೆಯಲಿ, ಹಿತವಾಯಿತು. ಹೊಡೆಯುವಾಗ ಕಾಕಿ ನೆನಪಿರಲಿಲ್ಲ. ಅವನ ಆ ಚಾಷ್ಟಿ ನೆನಪಿತ್ತು.

ಸುಮ್ಮನಾದ ಮೇಲೆ ಶಿವಲಿಂಗನ ಟೆಂಪೊದಲ್ಲಿ ಹಾಕಿ ಒಂದು ದವಾಖಾನೆಯ ಗೇಟಿನಲ್ಲಿ ಬಿಟ್ಟು ಬಂದೆವು. ಉಸಿರಿತ್ತು.

ನವೆಂಬರ್ 10

ಕಾರು ಇಲ್ಲೇ ಇದೆ. ಬಾನೆಟ್ ತೆಗೆದೆ.

ಕಂಪನಿಯ ಪ್ಲಾಸ್ಟಿಕ್ ವಾಲ್ವ್! ನಾನು ಹಾಕಿದ್ದು ಇಲ್ಲ. ಕ್ಲಿಪ್ಪಿನ ಮೇಲೆ ಧೂಳು ಕೂತಿದೆ, ಬದಲಿಸಿ ಎಷ್ಟೋ ದಿನವಾಗಿದೆ. ಈ ಗಾಡಿಯಿಂದ ಆ ಸದ್ದು ಬರುವುದೇ ಸಾಧ್ಯವಿಲ್ಲ. ಅಯ್ಯೋ ದೇವರೇ... ಇದನ್ನೇ ತೋರಿಸಲು ಒದರಿದನಲ್ಲ.

ನವೆಂಬರ್ 18

ಪೊಲೀಸರು ಬಂದು ಹೋದರು. ಗಾಡಿ ಬಿಟ್ಟು ನಡೆದು ಹೋದ ಎಂದೆ. ನಂಬಿದರು.

ಇವತ್ತು ಮೇಘಾ ಬಂದಿದ್ದಳು, ಅನಿಕೇತನ ಹೆಂಡತಿ. ಮಹಾಂತೇಶ ನಗರದಿಂದ ಆಟೋದಲ್ಲಿ, ಕೂಸು ಕಂಕುಳಲ್ಲಿ. ಅವನಿಗೆ ಇನ್ನೂ ಎಚ್ಚರವಿಲ್ಲ.

"ಯಾರೋ ಹೊಡದು ಒಗದ ಹೋಗ್ಯಾರ್ರಿ ಅಣ್ಣಾರ. ಯಾರ ಗೊಡವಿಗೂ ಹೋದಾವ್ರಲ್ಲ ಇವರು."

ವಾಲ್ವ್ ಬಗ್ಗೆ ಕೇಳಿದೆ. ಕೇಳಬಾರದಿತ್ತು.

"ಆ ಸಪ್ಪಳಕ್ಕ ಕೂಸು ಬೆಚ್ಚಿ ಬೀಳ್ತಿತ್ರಿ. ದೀಪಾವಳಿಗೇ ತಗದ್ರು, ಮನ್ಯಾಗ ಡಬ್ಬ್ಯಾಗ ಐತಿ. ಗಜಣ್ಣಗ ಹೇಳಬ್ಯಾಡ, ಪಾಪ, ಅಷ್ಟ ಛಂದ ಮಾಡಿ ಕೊಟ್ಟಾನ, ಬ್ಯಾಸರ ಮಾಡ್ಕೋತಾನ ಅಂದ್ರು."

ಅವಳಿಗೆ ಚಹಾ ತರಿಸಿದೆ.

ನವೆಂಬರ್ 20

ಶಿವಲಿಂಗನಿಗೆ ಹೇಳಿದೆ. ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ, ಕಣ್ಣು ಕತ್ತಲಿಟ್ಟಿತು. ಬಿಟ್ಟ ಮೇಲೆ ಕೇಳಿದ್ದು ಒಂದೇ: "ಹಂಗಾರ ಇನ್ನೊಬ್ಬನ ಹೆಸರ ಹೇಳು." ಗೊತ್ತಿಲ್ಲ ಎಂದೆ. ಕಾಕಾನನ್ನು ಕರೆತಂದು ಗ್ಯಾರೇಜಿನ ಬಾಗಿಲಲ್ಲಿ ಕೂರಿಸಿದ. ಬಂದ ಗಾಡಿಗಳ ಸದ್ದನ್ನೆಲ್ಲ ಅವನು ಕೇಳಬೇಕಂತೆ.

ಒಂದು ಕೆಂಪು ಗಾಡಿ ಬಂತು. "ಇದಽ" ಎಂದ ಕಾಕಾ. ಶಿವಲಿಂಗ ರಾಡು ಹಿಡಿದ. ನಾನು ಅಡ್ಡ ನಿಂತೆ, ಭುಜಕ್ಕೆ ಒಂದು ಬಿತ್ತು. ಮಧ್ಯಾಹ್ನ ಬೇರೆ ಗಾಡಿ, ಬೇರೆಯೇ ಸದ್ದು. ಅದಕ್ಕೂ "ಇದಽ".

ಕಾಕಾನ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಖರೇ ಹೇಳು ಕಾಕಾ."

"ನನಗ ಪುಸ್ ಅಂದದ್ದಷ್ಟಽ ಕೇಳಿತ್ತೋ ಗಜ್ಯಾ. ತುತುತು ಅಂದಾಂವ ನೀ. ಕಲತ ಹುಡುಗ, ನಿನಗ ಗೊತ್ತಿರ್ತೈತಿ ಅಂತ ನಾ ಹೂಂ ಅಂದ್ನಿ."

ಶಿವಲಿಂಗನೂ ಕೇಳಿಸಿಕೊಂಡ.

ನವೆಂಬರ್ 22, ಬೆಳಿಗ್ಗೆ 11

ಈಗಷ್ಟೇ ಮೇಘಾಳ ಫೋನ್. ಕೈ ಗ್ರೀಸಾಗಿತ್ತು, ಸ್ಪೀಕರ್ ಹಾಕಿದೆ. ದನಿಯಲ್ಲಿ ಎಂಥ ಸಂತೋಷ.

"ಅಣ್ಣಾರ, ಇವರಿಗೆ ಎಚ್ಚರ ಆತ್ರಿ! ಮಾತ ಸರಿ ಬರವಲ್ದು, ನಿಮ್ಮ ಹೆಸರಽ ತಗೊಳ್ಳಾಕ ಹತ್ಯಾರ. ಎಷ್ಟ ನೆನಸ್ತಾರ ನೋಡ್ರಿ! ನಾ ಔಷಧ ತರಾಕ ಹೊಂಟೀನಿ, ಬಾಜು ಯಾರೂ ಇಲ್ಲ. ಲಗೂನ ಬರ್ರಿ."

ಶಿವಲಿಂಗ ಬಾಗಿಲಲ್ಲಿದ್ದ. ಕೂಡಲೇ ಬೈಕ್ ಚಾಲೂ ಮಾಡಿದ. ಎಲ್ಲಿಗೆ ಎಂದೆ. ಆಗಲೇ ರಸ್ತೆಗಿಳಿದಿದ್ದ.

ಜ್ಯಾಕ್ ಇದೆ. ರಾಡು ಇಲ್ಲ.

ಮೇಘಾಗೆ ಫೋನ್ ಹಚ್ಚಿದೆ, ಎತ್ತುತ್ತಿಲ್ಲ. ಪೊಲೀಸರಿಗೆ ಹೇಳಬೇಕು. ಹೇಳಿದರೆ ಎಲ್ಲ ಹೇಳಬೇಕು, ಮೊದಲ ಏಟಿನಿಂದ. ಸುಮ್ಮನೆ ಕೂತರೆ ಅನಿಕೇತ ಬಾಯಿ ಬಿಡುವುದೇ ಇಲ್ಲ, ನಾನು ಉಳಿಯುತ್ತೇನೆ. ಇದನ್ನು ಬರೆಯುತ್ತ ಕೂತಿದ್ದೇನೆ. ಯಾಕೆ ಬರೆಯುತ್ತ ಕೂತಿದ್ದೇನೆ? ಶಿವಲಿಂಗ ಇಷ್ಟೊತ್ತಿಗೆ ದವಾಖಾನೆಯ ಗೇಟು ದಾಟಿ—