ಗುರುವಾರದ ಪಾಠ

ಟೀಚರಮ್ಮನವರಿಗೆ,

ನಾನು ಲಾಂಡ್ರಿಯ ದೊಡ್ಡಮ್ಮ. ಓದಿದ್ದು ಹೈಸ್ಕೂಲಿನವರೆಗೆ. ಗಂಡ ಹೋದ ಮೇಲೆ ಮೂವತ್ತು ವರ್ಷ ಹದಿನಾಲ್ಕು ಜನ ಕೆಲಸಗಾರರನ್ನೂ ಮೂರು ಹೋಟೆಲುಗಳ ಬಟ್ಟೆಯನ್ನೂ ಒಬ್ಬಳೇ ಸಂಭಾಳಿಸಿದವಳು. ಒಂದು ಮಾತನ್ನು ಎರಡು ಸಲ ಹೇಳುವ ಪ್ರಮೇಯ ನನಗೆ ಬಂದದ್ದಿಲ್ಲ. ವಾರ್ಡಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ನಿಮ್ಮನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ನಾನೊಬ್ಬಳು ‘ಏಯ್ ಹುಡುಗಿ’ ಎಂದಿದ್ದೆ. ನಿಮ್ಮ ಮೇಲೆ ದೊಡ್ಡ ಡಾಕ್ಟರಿಗೆ ದೂರು ಕೊಟ್ಟವಳೂ ನಾನೇ.

ನಿಮ್ಮ ಆಸ್ಪತ್ರೆಯಿಂದ ಪ್ರತಿ ವರ್ಷ ಒಂದು ಹಾಳೆ ಬರುತ್ತದಲ್ಲ, ವಾರ್ಡಿನಿಂದ ಹೋದವರು ಹೇಗಿದ್ದಾರೆ ಎಂದು ವಿಚಾರಿಸುವುದು? ಮಗನ ಪರವಾಗಿ ಅದನ್ನು ನಾನೇ ತುಂಬುತ್ತಿದ್ದೆ. ‘ಬಿದ್ದರೆ ತಾವೇ ಏಳಬಲ್ಲರೇ?’ ಎಂಬಲ್ಲಿ ಪ್ರತಿ ಸಲವೂ ‘ನಾವು ಬೀಳಲು ಬಿಡುವುದಿಲ್ಲ’ ಎಂದು ಬರೆದಿದ್ದೇನೆ. ಈ ವರ್ಷ ಅವನೇ ತುಂಬಿ ಕಳಿಸಿದ್ದಾನೆ. ಉತ್ತರ ಬದಲಾದದ್ದೇಕೆ ಎಂದು ನಿಮಗೆ ತಿಳಿಸುವುದು ನನ್ನ ಜವಾಬ್ದಾರಿ.

ಹದಿಮೂರು ವರ್ಷದ ಹಿಂದೆ ನನ್ನ ಮಗ ಬೆಡ್‌ಶೀಟ್ ಒಣಹಾಕುತ್ತಾ ತಾರಸಿಯಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಪರೇಷನ್ ಆದ ಮೇಲೆ ಐದು ತಿಂಗಳು ನಿಮ್ಮಲ್ಲಿದ್ದ. ನೀವು ಅವನನ್ನು ನಡೆಸಿ ಕಳಿಸುತ್ತೀರಿ ಎಂದು ನಂಬಿ ಕರೆತಂದಿದ್ದೆ. ಒಂದು ದಿನ ಒಳಗೆ ಬಂದು ನೋಡಿದರೆ, ಅವನನ್ನು ಗಾಲಿಕುರ್ಚಿ ಸಮೇತ ಚಾಪೆಯ ಮೇಲೆ ಉರುಳಿಸಿ ನೀವು ಕೈಕಟ್ಟಿ ನಿಂತಿದ್ದಿರಿ. “ತಲೆ ಕೆಳಗೆ ಹಾಕು, ಸೊಂಟ ತಾನೇ ಮೇಲೆ ಬರುತ್ತೆ” ಎನ್ನುತ್ತಿದ್ದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. “ಒಂದು ಸಲ ಬಿದ್ದಿದ್ದು ಸಾಲದು ಅಂತ ಬೀಳೋದನ್ನ ಬೇರೆ ಕಲಿಸ್ತೀಯಾ? ನಮ್ಮ ಮನೇಲಿ ಯಾರೂ ತಲೆ ತಗ್ಗಿಸಿದವರಲ್ಲ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದೆ. ಆ ಪಾಠ ನಿಲ್ಲಬೇಕೆಂದು ಹಟ ಹಿಡಿದೆ. ನೀವು “ಆಯ್ತಮ್ಮ” ಎಂದಿರಿ. ಗೆದ್ದೆ ಅಂದುಕೊಂಡೆ.

ಮನೆಗೆ ಬಂದ ಮೇಲೆ ಕುರ್ಚಿಯ ಹಿಂದೆ ಸದಾ ಒಬ್ಬ ಆಳು ಇರಬೇಕೆಂದು ಕಟ್ಟಪ್ಪಣೆ ಮಾಡಿದೆ. ಎರಡನೇ ವರ್ಷ ಕೂತ ಜಾಗದಲ್ಲಿ ಹುಣ್ಣಾಗಿ ಮಗ ನಾಲ್ಕು ತಿಂಗಳು ಬೋರಲು ಮಲಗಿದ್ದ. ಮೂತ್ರದ ಸೋಂಕಿನ ಜ್ವರ ಕರೆಯದ ನೆಂಟನ ಹಾಗೆ ಆಗಾಗ ಬಂದು ಹೋಗುತ್ತದೆ. ಈಗೀಗ ಭುಜ ನೋವು ಎನ್ನುತ್ತಾನೆ. ಅವನು ನಡೆಯಲಿಲ್ಲ, ನಡೆಯುವುದೂ ಇಲ್ಲ. ಆದರೆ ದಿನಾ ಕನ್ನಡಿ ಹಿಡಿದು ತನ್ನ ಚರ್ಮ ತಾನೇ ಪರೀಕ್ಷಿಸಿಕೊಳ್ಳುತ್ತಾನೆ, ಎರಡನೇ ಅಂಗಡಿ ತೆರೆದಿದ್ದಾನೆ, ಕಲೆ ಹೋಗಲಿಲ್ಲವೆಂದು ಬರುವ ಗಿರಾಕಿಗಳ ಜೊತೆ ನನಗಿಂತ ಚೆನ್ನಾಗಿ ಜಗಳವಾಡುತ್ತಾನೆ. ನಾಲ್ಕು ವರ್ಷದಿಂದ ಅವನದು ಒಂದೇ ರಾಗ: ಆ ಅಂಗಡಿಯ ಹಿಂದಿನ ಮನೆಯಲ್ಲಿ ಒಬ್ಬನೇ ಇರುತ್ತೇನೆ. ನನ್ನದೂ ಒಂದೇ ಉತ್ತರ: “ಬಿದ್ರೆ ಎತ್ತೋರು ಯಾರು?” ನನಗೆ ಎಪ್ಪತ್ತೆರಡು, ಟೀಚರಮ್ಮ. ನಾನು ಹೋದ ಮೇಲೆ ನೆಲಕ್ಕೆ ಬಿದ್ದ ನನ್ನ ಮಗ ಯಾರನ್ನು ಕೂಗುತ್ತಾನೆ ಎಂಬ ಭಯವನ್ನು ಯಾರಿಗೂ ಹೇಳದೆ ಇಷ್ಟು ವರ್ಷ ನುಂಗಿಕೊಂಡಿದ್ದೆ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಆಳು ಊಟಕ್ಕೆ ಹೋಗಿದ್ದಾಗ, ಲಾಂಡ್ರಿಯಲ್ಲಿ ನಾವಿಬ್ಬರೇ ಇದ್ದೆವು. ಕುರ್ಚಿಯ ಮುಂದಿನ ಚಿಕ್ಕ ಗಾಲಿ ನೀರು ಹೋಗುವ ಜಾಲರಿಗೆ ಸಿಕ್ಕಿ, ಮಗ ಮುಗ್ಗರಿಸಿ ಬಿದ್ದ. ಓಡಿಹೋಗಿ ಕಂಕುಳಿಗೆ ಕೈಹಾಕಿ ಎಳೆದೆ. ಅಲುಗಲಿಲ್ಲ. “ಬಿಡಮ್ಮ, ಒಬ್ಬ ಬಿದ್ದಿರೋದು ಸಾಕು. ನೀನೂ ಬಿದ್ರೆ ಇಬ್ಬರನ್ನೂ ನಾನೇ ಎಬ್ಬಿಸಬೇಕಾಗುತ್ತೆ” ಎಂದು ನಕ್ಕ. ಮೊದಲು ಸ್ಪರ್ಶವಿಲ್ಲದ ಕಾಲುಗಳನ್ನು ಸವರಿ ಪೆಟ್ಟಾಗಿದೆಯೇ ಎಂದು ನೋಡಿದ. ಕುರ್ಚಿ ಎಳೆದುಕೊಂಡು ಬ್ರೇಕ್ ಹಾಕಿದ. ಹೋಟೆಲಿನ ಬೆಡ್‌ಶೀಟಿನ ಗಂಟೊಂದನ್ನು ಪಕ್ಕಕ್ಕೆ ತಳ್ಳಿಕೊಂಡು ಅದರ ಮೇಲೆ ಹತ್ತಿ ಕೂತ. ಅಲ್ಲಿಂದ ಕುರ್ಚಿಗೆ ಎರಡು ಸಲ ಜಾರಿದ. ಮೂರನೇ ಸಲ ತಲೆ ಮೊಣಕಾಲಿನವರೆಗೂ ಬಗ್ಗಿತು, ಸೊಂಟ ಎದ್ದಿತು. ಕೂತುಬಿಟ್ಟ! ಅಷ್ಟು ಹೊತ್ತೂ ನಾನು ನಿಮ್ಮ ಹಾಗೆಯೇ ಕೈಕಟ್ಟಿ ನಿಂತಿದ್ದೆ.

“ಎಲ್ಲಿ ಕಲಿತೆಯೋ ಇದನ್ನ?”

“ಗುರುವಾರ. ಹೋಟೆಲ್ ಬಟ್ಟೆ ಬರೋ ದಿನ ಅಂತ ನೀನು ಆಸ್ಪತ್ರೆಗೆ ಬರ್ತಿರಲಿಲ್ಲವಲ್ಲ, ಆ ಗುರುವಾರಗಳಲ್ಲಿ. ನಾನೇ ಟೀಚರಮ್ಮನ್ನ ಕಾಡಿಬೇಡಿ ಕಲಿತೆ. ಮನೆಗೆ ಬಂದ ಮೇಲೂ ಇಪ್ಪತ್ತು ಸಲ ಬಿದ್ದಿದ್ದೀನಿ ಕಣಮ್ಮ. ನಿನಗೆ ಹೆದರಿ ಆಳು ಬಾಯಿ ಬಿಟ್ಟಿಲ್ಲ ಅಷ್ಟೆ.”

ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೆದಿದೆ ಎಂದು ಕೋಪ ಬರಬೇಕಿತ್ತು. ಬರಲಿಲ್ಲ. ಅವನು ಬಿಟ್ಟೆದ್ದ ಗಂಟಿನ ಮೇಲೆ ಹಾಗೇ ಕುಸಿದು ಕೂತೆ. ಹೊರೆ ಇಳಿಸಿದವಳ ಹಾಗೆ ಕುತ್ತಿಗೆ ಹಗುರಾಯಿತು. ಮನೆಗೆ ಹೋಗಿ, ಎಷ್ಟೋ ವರ್ಷಗಳ ಮೇಲೆ, ಹಾಡುಹಗಲೇ ಗೊರಕೆ ಹೊಡೆದು ಮಲಗಿದೆ.

ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಈ ಕಾಗದವನ್ನೇ ಕ್ಷಮೆ ಎಂದು ಇಟ್ಟುಕೊಳ್ಳಿ. ನನ್ನ ಮಾತು ಮೀರಿದ್ದಕ್ಕೆ ನಾನು ಯಾರಿಗಾದರೂ ಋಣಿಯಾಗಿದ್ದರೆ ಅದು ನಿಮಗೊಬ್ಬರಿಗೆ.

ಮೊನ್ನೆ ಸೋಮವಾರ ನಮ್ಮ ಲಾಂಡ್ರಿ ಗಾಡಿಯಲ್ಲೇ ಅವನ ಮಂಚ, ಪೆಟ್ಟಿಗೆ ಎಲ್ಲ ಆ ಮನೆಗೆ ಹೋದವು. ಆಳನ್ನು ಇಸ್ತ್ರಿ ಮೇಜಿಗೆ ಹಾಕಿದೆ. ಮಗ ಇನ್ನೊಂದು ಬೀಗದ ಕೈ ಚಾಚಿ, “ಇಟ್ಕೋಮ್ಮ, ಯಾವಾಗ ಬೇಕಾದ್ರೂ ಬಾ” ಎಂದ. ತೆಗೆದುಕೊಳ್ಳಲಿಲ್ಲ. ಈ ಬೆಳಗ್ಗೆ ಮೊದಲ ಸಲ ಅಲ್ಲಿಗೆ ಹೋಗಿದ್ದೆ. ಗಂಟೆ ಒತ್ತಿದೆ. ಅವನು ಬಂದು ಬಾಗಿಲು ತೆಗೆಯುವ ತನಕ ಹೊರಗೇ ನಿಂತಿದ್ದೆ.

ನಿಮ್ಮ ತೋಳಿನ ಬಲ ಕುಂದದಿರಲಿ, ನಿಮ್ಮ ಮನೆ ತಣ್ಣಗಿರಲಿ ಎಂದು ಹರಸುವ,

ಲಾಂಡ್ರಿಯವನ ತಾಯಿ